ಮಗಳಿಗೊಂದು ಪತ್ರ: ಹಿತ್ತಿಲಿಗೆ ಹದಿನೈದು ಮರಿ

ಚಿ. ಸೌ. ಶುಭಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಯಾವ ಕೋಳಿ ತರಲಿ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅದಕ್ಕೆ ಮೊದಲು ನೀನು ಒಂದು ತೀರ್ಮಾನ ಮಾಡಬೇಕು: ನಿನಗೆ ಬೇಕಾಗಿರುವುದು ಮೊಟ್ಟೆಯೋ, ಮರಿಯೋ? ಎರಡನ್ನೂ ಧಾರಾಳವಾಗಿ ಕೊಡುವ ಕೋಳಿ ಇಲ್ಲ. ನಾಟಿ ಹ್ಯಾಟೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. 21 ದಿನ ಕಾವು, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ತಿರುಗಾಟ. ಅಷ್ಟೂ ದಿನ ಮೊಟ್ಟೆ ಇಲ್ಲ. ವರ್ಷಕ್ಕೆ ಐವತ್ತು ಅರವತ್ತು ಸಿಕ್ಕರೆ ಹೆಚ್ಚು. ಆದರೆ ಅದಕ್ಕೆ ಬಲ್ಬು ಬೇಡ, ಮೆಶೀನು ಬೇಡ. ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಿಮ್ಮ ಮನೆಗೆ ಮೊಟ್ಟೆಯೇ ಮುಖ್ಯ ಅನ್ನಿಸುತ್ತದೆ. ಹಾಗಿದ್ದರೆ ಸ್ವರ್ಣಧಾರ ತಗೋ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲು ಗಿರಿರಾಜ ಬಂತು, ಆಮೇಲೆ 2005ರಲ್ಲಿ ಸ್ವರ್ಣಧಾರ. ಗಿರಿರಾಜ ದಪ್ಪ ಮೈಯ ಕೋಳಿ, ಮಾಂಸಕ್ಕೆ ಒಳ್ಳೆಯದು, ವರ್ಷಕ್ಕೆ 130ರಿಂದ 150 ಮೊಟ್ಟೆ. ಸ್ವರ್ಣಧಾರ 180ರ ಆಸುಪಾಸು. ಎರಡೂ ಬಣ್ಣದ ಪುಕ್ಕದವು, ಬಿಟ್ಟು ಸಾಕಬಹುದು. ಇವು ಸಿಗದಿದ್ದರೆ ಹೆಸರಘಟ್ಟದ ಕಾವೇರಿ, ಇಲ್ಲವೇ ಹೈದರಾಬಾದಿನ ಗ್ರಾಮಪ್ರಿಯ. ಗ್ರಾಮಪ್ರಿಯದ ಜೊತೆಗೇ ಹೆಸರು ಕೇಳಿಬರುವ ವನರಾಜ ತೂಕಕ್ಕೆ ಸರಿ, ಮೊಟ್ಟೆಗೆ ಅಷ್ಟಕ್ಕಷ್ಟೆ.

ಅಳಿಯಂದಿರಿಗೆ ಕಡಕ್‌ನಾಥ್ ಮೇಲೆ ಮನಸ್ಸು ಅಂದೆಯಲ್ಲ. ಮಧ್ಯಪ್ರದೇಶದ ಝಾಬುವಾ ಕಡೆಯ ತಳಿ ಅದು, 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಚರ್ಮ, ಮಾಂಸ, ನಾಲಿಗೆ ಎಲ್ಲ ಕಪ್ಪು, ಆದರೆ ಮೊಟ್ಟೆ ಕಪ್ಪಲ್ಲ, ತಿಳಿ ಕೆನೆ ಬಣ್ಣ. ಕಪ್ಪು ಮೊಟ್ಟೆ ತೋರಿಸಿ ಮಾರುವವರು ಬಂದರೆ ಬಾಗಿಲಿನಿಂದಲೇ ಕಳಿಸು. ಮೈ ಬೆಳೆಯುವುದು ನಿಧಾನ, ಮೊಟ್ಟೆಯೂ ವರ್ಷಕ್ಕೆ ನೂರರೊಳಗೆ. ಆಸೆಗೆ ಒಂದು ಜೊತೆ ಸಾಕಲಿ, ಮನೆಯ ಮೊಟ್ಟೆಗೆ ಅದನ್ನು ನಂಬಬೇಡಿ.

ಲೆಕ್ಕ ಹೀಗೆ ಹಾಕು. ಮರಿ ಕೊಡುವಾಗ ಗಂಡು ಹೆಣ್ಣು ಬೇರೆ ಮಾಡಿ ಕೊಡುವುದಿಲ್ಲ. ಹದಿನೈದು ತಂದರೆ ಒಂದೆರಡು ಹೋಗುತ್ತವೆ, ಉಳಿದದ್ದರಲ್ಲಿ ಆರೇಳು ಹ್ಯಾಟೆ. ಏಳು ಹ್ಯಾಟೆಗೆ ವರ್ಷಕ್ಕೆ ಸಾವಿರದ ಇನ್ನೂರರ ಮೇಲೆ, ಅಂದರೆ ದಿನಕ್ಕೆ ಮೂರು ಚಿಲ್ಲರೆ. ನಾಲ್ಕು ಜನರ ಮನೆಗೆ ಸಾಕಲ್ಲ? ಹುಂಜಗಳನ್ನು ನಾಲ್ಕು ತಿಂಗಳೊಳಗೆ ಅಡುಗೆಮನೆಗೋ ಸಂತೆಗೋ ಕಳಿಸಿ ಒಂದನ್ನು ಉಳಿಸಿಕೋ. ಅದೂ ಬೇಕೇ ಬೇಕು ಅಂತಿಲ್ಲ, ಹುಂಜ ಇಲ್ಲದೆಯೂ ಹ್ಯಾಟೆ ಮೊಟ್ಟೆ ಇಡುತ್ತದೆ. ಸ್ವರ್ಣಧಾರದ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಕೊಳ್ಳುವ ಯೋಚನೆ ಮಾತ್ರ ಬಿಡು. ಅದು ಬೆರಕೆ ತಳಿ. ಮುಂದಿನ ಪೀಳಿಗೆಯಲ್ಲಿ ಒಂದು ದಪ್ಪ, ಒಂದು ಸಣಕಲು, ಮೊಟ್ಟೆಯೂ ಇಳಿಮುಖ. ಆಮೇಲೆ ತಳಿಯೇ ಸರಿಯಿಲ್ಲ ಅಂತ ಬೈಯುವುದು ಎಲ್ಲ ಊರಲ್ಲೂ ಇದ್ದದ್ದೇ.

ಮರಿಗೆ ಈಗಲೇ ಹೇಳಿಡು, ತರುವುದು ಸಂಕ್ರಾಂತಿ ಕಳೆದ ಮೇಲೆ. ಚಳಿ ಕಡಿಮೆಯಾಗಿರುತ್ತದೆ, ಮಳೆಗಾಲಕ್ಕೆ ಮೊದಲು ಮೈ ಗಟ್ಟಿಯಾಗುತ್ತದೆ, ಆಷಾಢದ ಹೊತ್ತಿಗೆ ಮೊದಲ ಮೊಟ್ಟೆ. ಎಲ್ಲ ಮರಿಯನ್ನೂ ಒಂದೇ ದಿನ ತಾ. ಈ ತಿಂಗಳು ಐದು, ಮುಂದಿನ ತಿಂಗಳು ಐದು ಅಂತ ತಂದರೆ ದೊಡ್ಡವು ಚಿಕ್ಕವನ್ನು ಕುಕ್ಕುತ್ತವೆ, ದೊಡ್ಡವು ಜೀರ್ಣಿಸಿಕೊಂಡ ರೋಗ ಚಿಕ್ಕವನ್ನು ಕೊಲ್ಲುತ್ತದೆ.

ಮೊದಲ ಮೂರು ವಾರವೇ ಕಷ್ಟದ ಕಾಲ. ಒಂದೂವರೆ ಅಡಿ ಎತ್ತರದ ರಟ್ಟನ್ನು ದುಂಡಗೆ ಬಗ್ಗಿಸಿ ಮೂರಡಿ ಅಗಲದ ಕೋಟೆ ಮಾಡು. ದುಂಡಗೇ ಇರಬೇಕು; ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟಿ ಸಾಯುತ್ತವೆ. ಕೆಳಗೆ ಎರಡು ಇಂಚು ಒಣ ಭತ್ತದ ಹೊಟ್ಟು, ಅದರ ಮೇಲೆ ಮೊದಲ ಮೂರು ದಿನ ಪೇಪರು, ಇಲ್ಲದಿದ್ದರೆ ಹೊಟ್ಟನ್ನೇ ತಿನ್ನುತ್ತವೆ. ನುಣುಪು ಪೇಪರು ಬೇಡ, ಕಾಲು ಜಾರಿ ಸೊಟ್ಟಗಾಗುತ್ತದೆ. ಮೇಲೆ 60 ವ್ಯಾಟ್ ಬಲ್ಬು. ಬಿಸಿಯಾಗುವ ಹಳೇ ಹಳದಿ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿ ಬೆಳಕಿದೆಯಲ್ಲ ಅಂದುಕೊಂಡು ಮರಿಗಳನ್ನು ಚಳಿಗೆ ಕಳೆದುಕೊಳ್ಳುವವರು ಈಗ ಜಾಸ್ತಿ.

ಮೊದಲ ವಾರ ಮರಿಯ ಮಟ್ಟದಲ್ಲಿ 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸು. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ರಾತ್ರಿ ಹತ್ತು ಗಂಟೆಗೆ ಸದ್ದು ಮಾಡದೆ ಹೋಗಿ ನೋಡು. ಬಲ್ಬಿನ ಅಡಿಯಲ್ಲಿ ಗುಂಪುಗಟ್ಟಿ ಚೀಂಗುಟ್ಟುತ್ತಿದ್ದರೆ ಚಳಿ, ಬಲ್ಬು ಇಳಿಸು. ರಟ್ಟಿನ ಅಂಚಿಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ಸೆಕೆ, ಏರಿಸು. ಎಲ್ಲ ಒಂದೇ ಪಕ್ಕಕ್ಕೆ ಸರಿದಿದ್ದರೆ ಇನ್ನೊಂದು ಪಕ್ಕದಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಚೆಲ್ಲಿದ ಕಾಳಿನ ಹಾಗೆ ಮಲಗಿದ್ದರೆ ನೀನೂ ಹೋಗಿ ಮಲಗು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಹಳೇ ಬಟ್ಟೆ ಸುತ್ತಿ ನಡುವೆ ಇಡು.

ಬಂದ ದಿನ ಮೊದಲು ನೀರು, ಎರಡು ಗಂಟೆ ಬಿಟ್ಟು ಆಹಾರ. ಒಂದೊಂದು ಮರಿಯ ಕೊಕ್ಕನ್ನೂ ನೀರಿಗೆ ಮುಟ್ಟಿಸಿ ಬಿಡು, ದಾರಿ ಗೊತ್ತಾಗುತ್ತದೆ. ಮೊದಲ ದಿನ ನೀರಿಗೆ ಚೂರು ಬೆಲ್ಲ. ಆಳದ ತಟ್ಟೆ ಇಟ್ಟರೆ ಮುಳುಗುತ್ತವೆ, ಬೆಣಚುಕಲ್ಲು ಹಾಕು. ಎಂಟು ವಾರದವರೆಗೆ ಅಂಗಡಿಯ ಮರಿ ಫೀಡನ್ನೇ ಕೊಡು. ಬರೀ ನುಚ್ಚು, ರಾಗಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಪುಕ್ಕ ಬರುವುದಿಲ್ಲ.

ಇನ್ನು ಲಸಿಕೆ. ಕೊಕ್ಕರೆ ರೋಗಕ್ಕೆ ಮದ್ದಿಲ್ಲ. ಹಸಿರು ಬಿಳಿ ಭೇದಿ, ಏದುಸಿರು, ಕತ್ತು ತಿರುಚುವುದು, ವಾರದೊಳಗೆ ಗೂಡು ಖಾಲಿ. ಅದು ಬಾರದಂತೆ ಐದರಿಂದ ಏಳನೇ ದಿನದೊಳಗೆ ಲಸೋಟ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. ಮರಿ ಕಣ್ಣು ಮಿಟುಕಿಸುವವರೆಗೆ ಕೈ ಬಿಡಬೇಡ, ಇಲ್ಲದಿದ್ದರೆ ಹನಿ ಕೆನ್ನೆಯಲ್ಲೇ ಜಾರಿಹೋಗುತ್ತದೆ. ಹದಿನಾಲ್ಕನೇ ದಿನ ಗುಂಬೋರೊ ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, ಆರನೇ ವಾರ ಸಿಡುಬಿನ ಲಸಿಕೆ, ಎಂಟನೇ ವಾರ ಕೊಕ್ಕರೆ ರೋಗಕ್ಕೇ ಆರ್‌ಟುಬಿ ಚುಚ್ಚುಮದ್ದು ಅರ್ಧ ಎಂಎಲ್. ಮರೆಕ್ಸ್ ರೋಗದ ಲಸಿಕೆ ಮರಿಕೇಂದ್ರದಲ್ಲೇ ಹಾಕಿರಬೇಕು, ಕೇಳಿ ತಗೋ. ಲಸಿಕೆ ಬುಡ್ಡಿ ಸಾಮಾನ್ಯವಾಗಿ ನೂರು ಡೋಸಿನದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ಮನೆಯವರನ್ನು ಕೂಡಿಸಿಕೊಂಡರೆ ಖರ್ಚೂ ಕಡಿಮೆ, ಅವರ ಕೋಳಿಯಿಂದ ನಿನ್ನ ಕೋಳಿಗೆ ರೋಗ ಬರುವುದೂ ಕಡಿಮೆ. ಪಶು ಆಸ್ಪತ್ರೆಯಿಂದ ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತಾ. ಕೈಚೀಲದಲ್ಲಿ ಬಿಸಿಲಲ್ಲಿ ಬಂದ ಲಸಿಕೆ ಬರೀ ನೀರು. ಸಂತೆಯಿಂದ ಯಾವ ಕೋಳಿ ತಂದರೂ ಮೂರು ವಾರ ಬೇರೆ ಕಡೆ ಕಟ್ಟು.

ಗೂಡು ಆರಡಿ ಉದ್ದ, ನಾಲ್ಕಡಿ ಅಗಲ ಇದ್ದರೆ ಹನ್ನೆರಡು ಕೋಳಿಗೆ ಸಾಕು. ಉದ್ದ ಪೂರ್ವ ಪಶ್ಚಿಮಕ್ಕೆ, ಬಿಸಿಲು ನೇರ ಒಳಗೆ ಬರಬಾರದು. ಬುಡ ಒಂದಡಿ ಗೋಡೆ, ಮೇಲೆ ಅರ್ಧ ಇಂಚಿನ ವೆಲ್ಡ್ ಮೆಶ್. ಷಟ್ಕೋನದ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ ಅಷ್ಟೆ, ನಾಯಿ ಹರಿಯುತ್ತದೆ, ಹೆಗ್ಗಣ ಕಡಿಯುತ್ತದೆ. ಮಳೆಗಾಲದಲ್ಲಿ ನಾಲ್ಕೂ ಕಡೆ ಟಾರ್ಪಾಲ್ ಬಿಗಿದು ಮುಚ್ಚಬೇಡ. ಕುಕ್ಕರಗಾಲಲ್ಲಿ ಕೂತು ಕೋಳಿಯ ಮೂಗಿನ ಎತ್ತರದಲ್ಲಿ ಉಸಿರೆಳೆದು ನೋಡು. ಕಣ್ಣು ಉರಿದರೆ ಅವುಗಳಿಗೂ ಉರಿಯುತ್ತಿದೆ. ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಒತ್ತಿ ಬಿಡು, ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ, ತೆಗೆದು ಒಣದು ಹಾಕು. ರಕ್ತಭೇದಿ ಶುರುವಾಗುವುದು ಅಲ್ಲಿಂದಲೇ. ಹಳೇ ಹೊಟ್ಟನ್ನು ಹಸಿಯಾಗಿ ಗಿಡದ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ, ಗುಂಡಿಯಲ್ಲಿ ಕೊಳೆಸಿ ಹಾಕು.

ಎಂಟು ವಾರ ದಾಟಿದ ಮೇಲೆ ಹಗಲು ಹಿತ್ತಿಲಿಗೆ ಬಿಡು. ಸಂಜೆ ತಲೆಗೆ ಒಂದು ಹಿಡಿ, ಐವತ್ತು ಗ್ರಾಂ ಸುಮಾರು: ಜೋಳದ ನುಚ್ಚು, ತೌಡು, ಸ್ವಲ್ಪ ಹಿಂಡಿ. ಬೂಸಲು ಬಂದ ಶೇಂಗಾ ಹಿಂಡಿ, ಮುಗ್ಗಲು ಜೋಳ ‘ಕೋಳಿಗಲ್ವಾ’ ಅಂತ ಹಾಕಬೇಡ, ಆ ಬೂಸಲಿನ ವಿಷ ಯಕೃತ್ತನ್ನು ಕೆಡಿಸುತ್ತದೆ. ಇನ್ನೊಂದು, ಮುದ್ದಿಗೆ ಅನ್ನ ಮುದ್ದೆ ಸುರಿಯಬೇಡ. ಈ ತಳಿಗಳು ಬೇಗ ಕೊಬ್ಬುತ್ತವೆ, ಕೊಬ್ಬಿದ ಹ್ಯಾಟೆ ಮೊಟ್ಟೆ ನಿಲ್ಲಿಸುತ್ತದೆ, ಕೆಲವೊಮ್ಮೆ ಮೊಟ್ಟೆ ಇಡುವಾಗ ಗರ್ಭನಾಳವೇ ಹೊರಗೆ ಬರುತ್ತದೆ. ಮೊಟ್ಟೆ ಶುರುವಾದ ಮೇಲೆ ಸುಣ್ಣಕಲ್ಲಿನ ಚೂರು ಅಥವಾ ಹುರಿದು ಪುಡಿ ಮಾಡಿದ ಮೊಟ್ಟೆಚಿಪ್ಪು ಬೇರೆ ತಟ್ಟೆಯಲ್ಲಿಡು, ಬೇಕಾದಷ್ಟು ತಿಂದುಕೊಳ್ಳುತ್ತವೆ. ಚಿಪ್ಪನ್ನು ಇಡಿಯಾಗಿ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಹತ್ತುತ್ತದೆ.

ಯಾವುದು ಮೊಟ್ಟೆ ಇಡುತ್ತಿದೆ, ಯಾವುದು ಸುಮ್ಮನೆ ತಿನ್ನುತ್ತಿದೆ ಅಂತ ಅನುಮಾನ ಬಂದರೆ ಬಾಲದ ಕೆಳಗಿನ ಎರಡು ಮೂಳೆಗಳ ನಡುವೆ ಬೆರಳಿಟ್ಟು ನೋಡು. ಎರಡು ಮೂರು ಬೆರಳು ಹಿಡಿದರೆ ಇಡುತ್ತಿದೆ, ಒಂದೇ ಬೆರಳಾದರೆ ಇಲ್ಲ. ಪುಕ್ಕ ಉದುರಿಸುವ ಕಾಲದಲ್ಲಿ ಎಲ್ಲವೂ ನಿಲ್ಲಿಸುತ್ತವೆ, ಆಗ ಗಾಬರಿಯಾಗಿ ಮಾರಬೇಡ.

ಮರಿಗೆ ಹೇಳಿದ ದಿನವೇ ರಟ್ಟು, ಬಲ್ಬು, ಹೊಟ್ಟು ತಂದಿಟ್ಟುಕೋ. ಮರಿ ಬರುವ ಹಿಂದಿನ ರಾತ್ರಿಯೇ ಬಲ್ಬು ಉರಿಸಿ ಹೊಟ್ಟನ್ನು ಬೆಚ್ಚಗೆ ಮಾಡಿರು.

ಇಂತಿ ಆಶೀರ್ವಾದಗಳೊಂದಿಗೆ,
ಅಮ್ಮ

ತಾ.ಕ.: ಗೂಡಿನ ಹತ್ತಿರ ಒಂದು ಗುಂಡಿಯಲ್ಲಿ ಒಲೆಬೂದಿ, ಮರಳು ಬೆರೆಸಿ ಇಡು. ಹೊರಳಾಡಿ ಹೇನು ಉದುರಿಸಿಕೊಳ್ಳುತ್ತವೆ. ಬೂದಿ ಪೂರ್ತಿ ಆರಿದೆಯೇ ಅಂತ ಕೈಯಾಡಿಸಿ ನೋಡಿಯೇ ಹಾಕು.