ತೋಟಗಾರಿಕೆ ಸಚಿವರಿಗೆ: ಪಾಮ್ ಸಸಿ ಕೊಡೋಕಿಂತ ಮೊದ್ಲು ಬಸಿಗಾಲುವೆ ತೋಡಸ್ರಿ

ಸಚಿವ ಸಾಹೇಬ್ರಿಗೆ ಶರಣು,

ನಾನು ಯಾದಗಿರಿ ಜಿಲ್ಲಾ ಶಹಾಪುರ ತಾಲ್ಲೂಕಿನ ರೈತರಿ, ನಾರಾಯಣಪುರ ಎಡದಂಡೆ ಕಾಲುವೆ ನೀರು ನಂಬಿ ಬದುಕೋರು ನಾವು. ಈಗ ನಮ್ಮ ಕಡಿ ಒಂದ ಮಾತು ನಡದದ, ಜವಳು ಹಿಡಿದ, ಅಂದ್ರ ನೀರು ನಿಂತು ಕೆಟ್ಟ ಹೊಲದಾಗ ತಾಳೆ ಎಣ್ಣೆ ಗಿಡ (ಪಾಮ್) ಹಚ್ರಿ, ಸಬ್ಸಿಡಿ ಬರ್ತದ ಅಂತ. ಕೇಂದ್ರದವ್ರು 2021ರಾಗ 11,040 ಕೋಟಿ ಇಟ್ಟು ತಾಳೆ ಎಣ್ಣೆ ಮಿಷನ್ ತಂದ್ರು, ಹೊರದೇಶದಿಂದ ಎಣ್ಣೆ ತರ್ಸೋದು ಕಡಿಮಿ ಆಗ್ಲಿ ಅನ್ನೋದು ನನ್ನ ಆಸೆನೂ ಹೌದು. ಆದ್ರ ಜವಳಿಗೆ ಈ ಗಿಡ ಮದ್ದಲ್ಲರಿ.

ಭತ್ತ ಕೊಯ್ದ ಮ್ಯಾಲೂ ನಮ್ಮ ಹೊಲದಾಗ ಒಂದು ಮೊಳ ಅಗದ್ರ ಕುಣಿಯಾಗ ನೀರು ಜಿನುಗ್ತದ, ಬದುವಿನ ತುಂಬ ಬೆಳ್ಳಗ ಸವಳು ಎದ್ದಿರ್ತದ, ಟ್ರ್ಯಾಕ್ಟರ್ ಹೊಕ್ಕರ ಗಾಲಿ ಸಿಕ್ಕೊಂಡ ಬಿಡ್ತದ. ಪಾಮ್ ಗಿಡಕ್ಕ ನೀರು ಬೇಕು ಖರೆ, ಬುಡಕ್ಕ ನಿಂತ ನೀರು ಆಗಂಗಿಲ್ಲ, ಬೇರು ಕೊಳೀತದ. ಬ್ಯಾಸಗಿಯಾಗ ನೋಡಿದ್ರ ಒಂದು ದೊಡ್ಡ ಗಿಡಕ್ಕ ದಿನಾ 200 ಲೀಟರ್ ಮ್ಯಾಲ ಬೇಕು, ಎಕರೆಕ್ಕ 57 ಗಿಡ ಅಂದ್ರ 11 ಸಾವಿರ ಲೀಟರ್ ದಾಟ್ತದ, ಆವಾಗ ಕಾಲುವೆ ಬಂದ್ ಇರ್ತದ. ಎಲ್ಲಿಂದ ತರೋಣ್ರಿ?

ಇಂಡೋನೇಷ್ಯಾದಾಗ ಜೌಗು ನೆಲದಾಗೇ ಬೆಳದಾರಲ್ಲ ಅಂತಾರ ಕೆಲವ್ರು. ಅಲ್ಲಿಂದು ಎಲಿ ಕಟಗಿ ಸಾವಿರಾರು ವರ್ಷ ಕೂಡಿ ಆದ ಪೀಟ್ ನೆಲ, ಕಾಲುವೆ ತೋಡಿ ನೀರು ಬಸಿದ್ರ ಒಣಗಿ ಕುಸೀತದ, ಬೆಂಕಿ ಹಿಡೀತದ. 2015ರಾಗ ಅಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟು ಹೋಯ್ತು, ಅದ್ರಾಗ ಮೂರನೇ ಒಂದು ಪಾಲು ಇಂಥ ನೆಲನೇ. ಸುಸ್ಥಿರ ತಾಳೆ ಎಣ್ಣೆಗೆ ಸರ್ಟಿಫಿಕೇಟ್ ಕೊಡೋ ಆರ್‌ಎಸ್‌ಪಿಒದವ್ರು ಸುದ್ದಾ 2018ರಾಗ ಪೀಟ್ ನೆಲದಾಗ ಹೊಸದಾಗಿ ಹಚ್ಚಬ್ಯಾಡ್ರಿ ಅಂತ ನಿಯಮ ಮಾಡ್ಯಾರ. ನಮ್ದು ಎರೆ ಭೂಮಿ ರೀ, ಕಾಲುವೆ ನೀರು ಹೊರಗ ಹೋಗಾಕ ದಾರಿ ಇಲ್ಲದಕ್ಕ ಕೆಟ್ಟದ್ದು, ಇದನ್ನ ಬಸಿದ್ರ ಮತ್ತ ಹೊಲ ಆಗ್ತದ.

ಅದಕ್ಕ ಮೊದ್ಲು ಹಳ್ಳದ ತನಕ ಬಸಿಗಾಲುವೆ ತೋಡಸ್ರಿ, ಮಣ್ಣು ಟೆಸ್ಟ್ ಮಾಡಸ್ರಿ. ಆಮ್ಯಾಲೂ ಯಾರರೆ ಪಾಮ್ ಹಚ್ತೀನಿ ಅಂದ್ರ, ಗೊನಿ ಕೊಯ್ದ 24 ತಾಸಿನಾಗ ಯಾವ ಮಿಲ್ಲಿಗೆ ಮುಟ್ಟಸ್ಬೇಕು, ಗಾಡಿ ಬಾಡಿಗಿ ಯಾರು ಕೊಡ್ತಾರ, ಇಳುವರಿ ಬರೋ ತನಕ ಮೂರು-ನಾಲ್ಕು ವರ್ಷ ಮನಿ ಹ್ಯಾಂಗ ನಡೀಬೇಕು, ಇಷ್ಟು ಬರದು ಕೊಡ್ರಿ. ಗಿಡ 25 ವರ್ಷ ನಿಲ್ತದ, ಸಬ್ಸಿಡಿ ಅಷ್ಟು ವರ್ಷ ಇರಂಗಿಲ್ಲ. ಮುಂದಿನ ಬಜೆಟ್‌ನಾಗ ಸಸಿಗೆ ಇಡೋ ರೊಕ್ಕದಕಿಂತ ಮೊದ್ಲು ಬಸಿಗಾಲುವೆಗೆ ರೊಕ್ಕ ಇಡ್ರಿ, ನೀರು ಬಸಿದ ಹೊಲದಾಗ ತೊಗರಿ ಬಿತ್ತಬೇಕೋ ಪಾಮ್ ಹಚ್ಚಬೇಕೋ ನಾವು ನೋಡ್ಕೋತೀವಿ.

ಇಂತಿ ನಿಮ್ಮ,
ಶಹಾಪುರ ತಾಲ್ಲೂಕಿನ ಒಬ್ಬ ರೈತ