ಗುಡ್ ಫ್ರೈಡೇ ರಜೆ: ಮೈಸೂರಿನಲ್ಲೇ ಉಳಿಯುವ ಸದಸ್ಯರ ಗಮನಕ್ಕೆ

ನಮ್ಮ ಕಟ್ಟಡದ ಎಲ್ಲ ಸದಸ್ಯರಿಗೆ ನಮಸ್ಕಾರ.

ಏಪ್ರಿಲ್ 3, 2026ರ ಶುಕ್ರವಾರದಿಂದ ಭಾನುವಾರದವರೆಗೆ ಸತತ ಮೂರು ದಿನ ರಜೆ ಇರುವುದರಿಂದ, ಊರಿಗೆ ಹೋಗದೆ ಇಲ್ಲೇ ಇರುವವರಿಗಾಗಿ ಈ ಸೂಚನೆ.

ಶುಕ್ರವಾರ ಎಲ್ಲರೂ ಸೇರಿ ತಾರಸಿಯ ಮೇಲೆ ಸಂಡಿಗೆ ಇಡೋಣ. ಸಬ್ಬಕ್ಕಿಯನ್ನು ಗುರುವಾರ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಹಸಿಮೆಣಸಿನಕಾಯಿ, ಇಂಗು, ಜೀರಿಗೆ ಹಾಕಿ ಅವರವರ ಮನೆಯಲ್ಲೇ ಬೇಯಿಸಿ, ಬಿಸಿಲೇರುವ ಮೊದಲು, ಅಂದರೆ ಏಳೂವರೆಯೊಳಗೆ, ಹಳೆಯ ಪಂಚೆ ಅಥವಾ ಪ್ಲಾಸ್ಟಿಕ್ ಹಾಳೆಯೊಂದಿಗೆ ಮೇಲೆ ತರಬೇಕು. ಏಪ್ರಿಲ್‌ನಲ್ಲಿ ಸಂಜೆ ಹಠಾತ್ತನೆ ಮಳೆ ಬರುವುದುಂಟು. ಆದ್ದರಿಂದ ನಾಲ್ಕು ಗಂಟೆಗೆ ಎಲ್ಲವನ್ನೂ ಒಳಗೆ ತೆಗೆದಿಡಬೇಕು. ಶುಕ್ರವಾರ, ಶನಿವಾರ ತಾರಸಿಯಲ್ಲಿ ಬಟ್ಟೆ ಒಣಹಾಕಬಾರದೆಂದು ಎಲ್ಲ ಮನೆಯವರಲ್ಲೂ ವಿನಂತಿ. (ಕಾಗೆ ಕಾಯುವ ಕೆಲಸ ಮಕ್ಕಳದ್ದು, ಹಿಟ್ಟು ಮುಗಿಸುವವರೂ ಅವರೇ.)

ಶನಿವಾರ ಬೆಳಿಗ್ಗೆ ಐದೂವರೆಗೆ ಹೊರಟು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬಹುದು. ಸುಮಾರು ಸಾವಿರ ಮೆಟ್ಟಿಲುಗಳಿರುವುದರಿಂದ, ಮಂಡಿನೋವಿರುವ ಹಿರಿಯರು ನಗರ ಸಾರಿಗೆ ಬಸ್ಸಿನಲ್ಲಿ ಬರುವುದೇ ಒಳ್ಳೆಯದು. ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಬಳಿ ಉಪಾಹಾರ ಹಂಚುವ ಆಲೋಚನೆ ಬೇಡ, ಕೋತಿಗಳು ಬಿಡುವುದಿಲ್ಲ.

ಭಾನುವಾರ ಹಗಲು ವಿಶ್ರಾಂತಿ. ಸಂಜೆ ಏಳಕ್ಕೆ ಅರಮನೆಯ ದೀಪಾಲಂಕಾರ ನೋಡಲು ಬರುವವರು, ಅಲ್ಲಿ ವಾಹನ ನಿಲ್ಲಿಸುವುದು ಕಷ್ಟವಾದ್ದರಿಂದ, ಆರು ಗಂಟೆಗೆ ಗೇಟಿನ ಬಳಿ ಸೇರಿದರೆ ಒಟ್ಟಿಗೆ ಬಸ್ಸಿನಲ್ಲಿ ಹೋಗೋಣ.

ಯಾವ ದಿನ, ಎಷ್ಟು ಜನ ಬರುತ್ತೀರಿ ಎಂಬುದನ್ನು ಮನೆ ಸಂಖ್ಯೆಯೊಂದಿಗೆ ಬುಧವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ಕೋರುತ್ತೇನೆ.