ಮಲ ಕಟ್ಟಿದ ಮಗುವಿಗೆ ಮೊದಲ ಮದ್ದು ನಾರಲ್ಲ

ಮಾನ್ಯರೇ,

ಮಗುವಿಗೆ ಮಲಬದ್ಧತೆ ಎಂದೊಡನೆ ಮನೆಯಲ್ಲಿ ಸೊಪ್ಪು, ಬಾಳೆಹಣ್ಣು, ಇಸಬ್‌ಗೋಲ್ ಶುರುವಾಗುತ್ತವೆ. ಆದರೆ ಗಟ್ಟಿ ಮಲ ವಾರಗಟ್ಟಲೆಯಿಂದ ಗುದನಾಳದಲ್ಲಿ ಕೂತಿದ್ದರೆ, ಅದರ ಹಿಂದೆ ನಾರು ತುಂಬಿದಷ್ಟೂ ಹೊಟ್ಟೆ ಉಬ್ಬುತ್ತದೆ, ನೋವು ಹೆಚ್ಚುತ್ತದೆ, ಮಗು ಊಟವನ್ನೇ ಬೇಡ ಎನ್ನುತ್ತದೆ. ಮೊದಲು ವೈದ್ಯರು ಕೊಡುವ ಪಾಲಿಇಥಿಲೀನ್ ಗ್ಲೈಕಾಲ್‌ನಂಥ ಔಷಧದಿಂದ ಕರುಳು ಖಾಲಿಯಾಗಬೇಕು. ಆಹಾರದ ಕೆಲಸ ಆಮೇಲಿನದು.

ಚಡ್ಡಿಗೆ ಆಗಾಗ ತೆಳ್ಳಗೆ ಮೆತ್ತಿಕೊಂಡರೆ ಭೇದಿ ಎಂದು ಮಾತ್ರೆ ಕೊಡುವವರಿದ್ದಾರೆ, ಮಗುವಿಗೆ ಹೊಡೆಯುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಗಟ್ಟಿ ಮಲದ ಪಕ್ಕದಿಂದ ಜಾರಿ ಬರುವ ನೀರು ಮಲ. ಹಿಗ್ಗಿದ ಗುದನಾಳದಿಂದಾಗಿ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲು ಹೆಣೆದು, ಮುಖ ಕೆಂಪಾಗಿಸಿಕೊಳ್ಳುವ ಮಗು ತಿಣುಕುತ್ತಿಲ್ಲ, ತಡೆಹಿಡಿಯುತ್ತಿದೆ. ಹಿಂದೊಮ್ಮೆ ಆದ ನೋವಿನ ಹೆದರಿಕೆ ಅದು.

ನಾರಿನ ಲೆಕ್ಕ ಸುಲಭ: ಎರಡು ವರ್ಷ ದಾಟಿದ ಮೇಲೆ, ವಯಸ್ಸಿಗೆ 5 ಕೂಡಿಸಿದಷ್ಟು ಗ್ರಾಂ. ಆರು ವರ್ಷದ ಮಗುವಿಗೆ ದಿನಕ್ಕೆ 11 ಗ್ರಾಂ. 30 ಗ್ರಾಂ ಹಿಟ್ಟಿನ ಒಂದು ರಾಗಿ ರೊಟ್ಟಿ, ಅರ್ಧ ಸೀಬೆಹಣ್ಣು, ಒಂದು ಹಿಡಿ ಹೆಸರುಕಾಳಿನ ಪಲ್ಯ, ನಾಲ್ಕು ಹೋಳು ಪರಂಗಿ, ಇಷ್ಟಾದರೆ ಸಾಕು. ಬಟ್ಟೆಯಲ್ಲಿ ಸೋಸಿದ ರಾಗಿ ಸರಿಯಲ್ಲಿ ಮಾತ್ರ ನಾರಿನ ಬಹುಪಾಲು ಬಟ್ಟೆಯಲ್ಲೇ ಉಳಿದಿರುತ್ತದೆ. 20 ಕಿಲೋ ತೂಕದ ಮಗುವಿಗೆ ಹಾಲು, ಮಜ್ಜಿಗೆ, ಸಾರು ಎಲ್ಲ ಸೇರಿ ಸುಮಾರು ಒಂದೂವರೆ ಲೀಟರ್ ದ್ರವ ಬೇಕು. ಹಾಲು ಅರ್ಧ ಲೀಟರ್ ಮೀರದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ರೊಟ್ಟಿ-ಪಲ್ಯಕ್ಕೆ ಜಾಗವೆಲ್ಲಿ?

ತಿಂದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ತಿಂಡಿ ಮತ್ತು ರಾತ್ರಿ ಊಟದ ನಂತರ 5ರಿಂದ 10 ನಿಮಿಷ ಕೂರಿಸಿ. ಕಮೋಡ್ ಆದರೆ ಪಾದದಡಿ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಮಲ ಮೆತ್ತಗಾಯಿತೆಂದು ಔಷಧ ನಿಲ್ಲಿಸುವುದೇ ದೊಡ್ಡ ತಪ್ಪು. ಕನಿಷ್ಠ ಎರಡು ತಿಂಗಳು ಬೇಕು, ಅನಂತರ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಇದೇ ಆಹಾರ ಎಲ್ಲರಿಗೂ ಅಲ್ಲ. ಜಠರವೇ ನಿಧಾನವಾಗಿ ಖಾಲಿಯಾಗುವ ಮಕ್ಕಳಿಗೆ ನಾರು, ಎಣ್ಣೆ ಎರಡೂ ಕಡಿಮೆ ಇರಬೇಕು. ಹುಟ್ಟಿದ 48 ಗಂಟೆಯೊಳಗೆ ಮಲ ಹೋಗದಿದ್ದ, ಹೊಟ್ಟೆ ಉಬ್ಬಿ ಹಸಿರು ವಾಂತಿ ಮಾಡುವ ಮಗುವಿನ ಮೇಲೆ ಅಡುಗೆಮನೆಯ ಪ್ರಯೋಗ ಬೇಡ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಶಾಲೆಗಳಲ್ಲಿ ಒಂದು ಕೋರಿಕೆ: ಪಾಠದ ನಡುವೆ ಮಗು ಕಕ್ಕಸಿಗೆ ಹೋಗಬೇಕೆಂದರೆ ಕಳುಹಿಸಿ. ಆ ಕಕ್ಕಸಿನಲ್ಲಿ ನೀರಿರಲಿ, ಬಾಗಿಲಿಗೆ ಚಿಲಕವಿರಲಿ.

– ಮಕ್ಕಳ ಆಹಾರ ತಜ್ಞೆ, ಹುಬ್ಬಳ್ಳಿ